ಒಂಬತ್ತನೆಯ ಚರಾಕ್ಷರ

— ಮೇಡಂ, ಡಿಸೆಂಬರ್ 22ರ ಗಣಿತ ದಿನಕ್ಕೆ ನಮ್ಮ ಹೈಸ್ಕೂಲಿನಲ್ಲಿ ಹೆಡ್‌ಮಾಸ್ಟರು ರಾಮಾನುಜನ್ ಬಗ್ಗೆ ಮಾತಾಡುತ್ತಾರೆ. ಒಬ್ಬ ಗಣಿತಜ್ಞೆಯ ಬಗ್ಗೆಯೂ ಯಾರಾದರೂ ಹೇಳಲಿ ಅಂತ ನಾನೇ ಕೇಳಿಕೊಂಡೆ. ಪರಿಮಳಾ ಅವರನ್ನು ಆರಿಸಿದ್ದೇನೆ. ಬರೆದಿರುವುದನ್ನು ಒಮ್ಮೆ ಕೇಳಿ, ತಿದ್ದಿಕೊಡಿ.

— ಒಳ್ಳೆಯ ಆಯ್ಕೆ. ಓದು.

— ‘ರಾಮನ್ ಪರಿಮಳಾ ಅವರು ತಮಿಳುನಾಡಿನಲ್ಲಿ 1948ರಲ್ಲಿ ಹುಟ್ಟಿದರು. ಚೆನ್ನೈನ ಶಾರದಾ ವಿದ್ಯಾಲಯ, ಆಮೇಲೆ ಸ್ಟೆಲ್ಲಾ ಮಾರಿಸ್ ಕಾಲೇಜು. ಮದ್ರಾಸ್ ವಿಶ್ವವಿದ್ಯಾಲಯದಿಂದ 1970ರಲ್ಲಿ ಎಂ.ಎಸ್ಸಿ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಸಂಶೋಧನೆ, 1976ರಲ್ಲಿ ಪಿಎಚ್.ಡಿ. 1987ರಲ್ಲಿ ಭಟ್ನಾಗರ್ ಪ್ರಶಸ್ತಿ. ಗಣಿತ ವಿಭಾಗದಲ್ಲಿ ಅದನ್ನು ಪಡೆದ ಮೊದಲ ಮಹಿಳೆ. 1994ರಲ್ಲಿ ಜ್ಯೂರಿಕ್‌ನ ಅಂತಾರಾಷ್ಟ್ರೀಯ ಗಣಿತ ಸಮ್ಮೇಳನದಲ್ಲಿ ಆಹ್ವಾನಿತ ಉಪನ್ಯಾಸ. 2005ರಿಂದ ಅಮೆರಿಕದ ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿ. 2010ರಲ್ಲಿ ಹೈದರಾಬಾದಿನ ಸಮ್ಮೇಳನದಲ್ಲಿ ಪ್ರಧಾನ ಉಪನ್ಯಾಸ...’

— ಎಲ್ಲ ಸರಿಯಾಗಿದೆ. ಆದರೆ ಇದು ಬಯೋಡೇಟಾ ಆಯಿತು ಕಣಮ್ಮ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಸಂಜೆಗೆ ಮರೆಯುತ್ತಾರೆ. ಆಕೆ ಮಾಡಿದ್ದೇನು, ಅದು ಇದರಲ್ಲಿ ಎಲ್ಲಿದೆ?

— ‘ಬೀಜಗಣಿತದಲ್ಲಿ ವರ್ಗರೂಪಗಳ ಸಿದ್ಧಾಂತಕ್ಕೆ ಗಣನೀಯ ಕೊಡುಗೆ’ ಅಂತ ಮುಂದೆ ಒಂದು ಸಾಲಿದೆ.

— ಗಣನೀಯ ಕೊಡುಗೆ ಅನ್ನುವುದನ್ನು ಯಾರ ಬಗ್ಗೆ ಬೇಕಾದರೂ ಬರೆಯಬಹುದು. ರಾಮಾನುಜನ್ ಬಗ್ಗೆ ಮಾತಾಡುವಾಗ 1729ರ ಕಥೆ ಹೇಳುತ್ತೀವಲ್ಲ, ಹುಡುಗರು ಮನೆಗೆ ಹೋಗಿ ಘನಗಳನ್ನು ಕೂಡಿ ನೋಡುತ್ತಾರೆ. ಪರಿಮಳಾ ಅವರ ಗಣಿತದಿಂದಲೂ ಅಂಥದ್ದೊಂದನ್ನು ಮಕ್ಕಳ ಕೈಗೆ ಕೊಡಬೇಕು.

— ಹತ್ತನೇ ತರಗತಿಗೆ ಆಕೆಯ ಗಣಿತ ಹೇಗೆ ಮೇಡಂ ಕೊಡಲಿ? ಎಂ.ಎಸ್ಸಿ. ಮಾಡಿದ ನನಗೇ ಆ ಪ್ರಬಂಧಗಳ ಮೊದಲ ಪುಟ ದಾಟುವುದಿಲ್ಲ.

— ಪ್ರಬಂಧ ಬೇಡ, ಪ್ರಶ್ನೆ ಕೊಡು. ಪ್ರಶ್ನೆ ಸರಳವಾಗಿಯೇ ಇದೆ. ಆ ಹಾಳೆ ಇಲ್ಲಿ ಕೊಡು. ನೋಡು, ಕ² + ಖ² = 3(ಗ² + ಘ²). ನಾಲ್ಕು ಚರಾಕ್ಷರ. ನಾಲ್ಕಕ್ಕೂ ಸೊನ್ನೆ ಹಾಕಿದರೆ ಸರಿಹೋಗುತ್ತದೆ, ಅದರಲ್ಲಿ ಹೆಚ್ಚುಗಾರಿಕೆ ಇಲ್ಲ. ಎಲ್ಲವೂ ಸೊನ್ನೆಯಾಗದ ಹಾಗೆ ಪೂರ್ಣಾಂಕಗಳನ್ನು ಹಾಕಿ ಎರಡೂ ಕಡೆ ಸಮ ಮಾಡು.

— ಒಂದು, ಎರಡು... ಐದು ಬಂದರೆ ಆ ಕಡೆ ಆರು... ಬರುತ್ತಿಲ್ಲ.

— ಬರುವುದೇ ಇಲ್ಲ. ಯಾಕೆ ಅಂತ ನೀನೇ ಹೇಳಬಲ್ಲೆ. ಪೂರ್ಣಾಂಕದ ವರ್ಗವನ್ನು ಮೂರರಿಂದ ಭಾಗಿಸಿದರೆ ಶೇಷ ಎಷ್ಟು?

— ಸೊನ್ನೆ ಅಥವಾ ಒಂದು. ಯೂಕ್ಲಿಡನ ಭಾಗಾಕಾರದ ಪಾಠದಲ್ಲಿ ಈ ಲೆಕ್ಕ ಮಾಡಿಸುತ್ತಿದ್ದೆ. ಎರಡು ಎಂದೂ ಉಳಿಯುವುದಿಲ್ಲ. ಹಾಗಾದರೆ... ಎಡಗಡೆ ಇರುವ ಎರಡು ವರ್ಗಗಳ ಮೊತ್ತ ಮೂರರಿಂದ ಭಾಗವಾಗಬೇಕಾದರೆ ಎರಡರ ಶೇಷವೂ ಸೊನ್ನೆಯೇ ಆಗಬೇಕು. ಅಂದರೆ ಕ, ಖ ಎರಡೂ ಮೂರರ ಅಪವರ್ತ್ಯಗಳು. ಆಗ ಎಡಗಡೆ ಒಂಬತ್ತರಿಂದ ಭಾಗವಾಗುತ್ತದೆ, ಬಲಗಡೆ ಗ² + ಘ² ಮೂರರಿಂದ ಭಾಗವಾಗಬೇಕು, ಹಾಗಾಗಿ ಗ, ಘ ಕೂಡ ಮೂರರ ಅಪವರ್ತ್ಯಗಳು. ನಾಲ್ಕನ್ನೂ ಮೂರರಿಂದ ಭಾಗಿಸಿದರೆ ಅದೇ ಸಮೀಕರಣ ಮತ್ತೆ ನಿಲ್ಲುತ್ತದೆ!

— ಮತ್ತೆ ಭಾಗಿಸಬೇಕು, ಮತ್ತೆ. ಸೊನ್ನೆಯಲ್ಲದ ಯಾವ ಪೂರ್ಣಾಂಕವನ್ನೂ ಹೀಗೆ ಕೊನೆಯಿಲ್ಲದೆ ಮೂರರಿಂದ ಭಾಗಿಸುತ್ತ ಹೋಗಲಾಗದು. ಆದ್ದರಿಂದ ಉತ್ತರ ಇಲ್ಲ. ಈಗ ಎಲ್ಲವನ್ನೂ ಒಂದು ಕಡೆ ತಂದು ಬರೆದರೆ ಕ² + ಖ² − 3ಗ² − 3ಘ². ಇದೇ ಒಂದು ವರ್ಗರೂಪ. ಪ್ರತಿ ಪದದ ಘಾತ ಎರಡು, ಅಷ್ಟೇ. ‘ಇದು ಸೊನ್ನೆಯಾಗುತ್ತದೆಯೇ?’ ಅನ್ನುವುದು ಈ ವಿಷಯದ ಮೂಲ ಪ್ರಶ್ನೆ. ಪರಿಮಳಾ ಅವರ ಬದುಕಿನ ಬಹುಭಾಗ ಈ ಪ್ರಶ್ನೆಯ ಸುತ್ತಲೇ ಕಳೆಯಿತು ಅಂದರೆ ತಪ್ಪಾಗದು.

— ಇಷ್ಟು ಸಣ್ಣ ಪ್ರಶ್ನೆಯ ಸುತ್ತ ಒಂದು ಜೀವಮಾನವೇ?

— ಚರಾಕ್ಷರ ಹೆಚ್ಚಿಸುತ್ತ ಹೋಗು, ಪ್ರಶ್ನೆ ಬೆಳೆಯುತ್ತದೆ. ಚರಾಕ್ಷರ ಹೆಚ್ಚಾದಷ್ಟೂ ಸೊನ್ನೆಯನ್ನು ತಪ್ಪಿಸಿಕೊಳ್ಳುವುದು ಕಷ್ಟ. ಎಷ್ಟು ಚರಾಕ್ಷರ ದಾಟಿದರೆ ತಪ್ಪಿಸಿಕೊಳ್ಳಲು ಸಾಧ್ಯವೇ ಇಲ್ಲ? ಉತ್ತರ ನೀನು ಯಾವ ಸಂಖ್ಯೆಗಳ ನಡುವೆ ಇದ್ದೀಯ ಅನ್ನುವುದರ ಮೇಲೆ ನಿಂತಿದೆ. ವಾಸ್ತವ ಸಂಖ್ಯೆಗಳಲ್ಲಿ ಮಿತಿಯೇ ಇಲ್ಲ. ಸಾವಿರ ವರ್ಗಗಳನ್ನು ಕೂಡಿದರೂ ಎಲ್ಲವೂ ಸೊನ್ನೆಯಾಗದ ಹೊರತು ಮೊತ್ತ ಸೊನ್ನೆಯಾಗದು. ಋಣ ಒಂದರ ವರ್ಗಮೂಲವನ್ನು ಒಪ್ಪಿಕೊಂಡ ಸಂಖ್ಯೆಗಳಲ್ಲಿ ಎರಡೇ ಚರಾಕ್ಷರ ಸಾಕು, ಸೊನ್ನೆ ಬಂದುಬಿಡುತ್ತದೆ. ಮೂರರಿಂದ ಭಾಗಿಸಿದಾಗ ಬರುವ ಶೇಷಗಳು 0, 1, 2 ಇವೆಯಲ್ಲ, ಅಷ್ಟರಲ್ಲೇ ಲೆಕ್ಕ ಮಾಡಿದರೆ?

— ಈಗ ನೋಡಿದೆವಲ್ಲ, ಎರಡು ವರ್ಗಗಳ ಮೊತ್ತ ಸೊನ್ನೆ ಆಗುವುದಿಲ್ಲ. ಮೂರು ಇದ್ದರೆ ಒಂದು, ಒಂದು, ಒಂದು ಕೂಡಿದರೆ ಮೂರು, ಶೇಷ ಸೊನ್ನೆ. ಆಯಿತು!

— ಅಲ್ಲಿ ಮಿತಿ ಎರಡು. ಮೂರನೆಯ ಚರಾಕ್ಷರಕ್ಕೆ ಸೊನ್ನೆ ಬರಲೇಬೇಕು. ಮೂರರ ಬದಲು ಯಾವ ಅವಿಭಾಜ್ಯ ಸಂಖ್ಯೆ ಹಿಡಿದರೂ ಹೀಗೆಯೇ. ಮುಂದಿನ ಮೆಟ್ಟಿಲು, ಪಿ-ಆಡಿಕ್ ಸಂಖ್ಯೆಗಳು. ಜರ್ಮನಿಯ ಹೆನ್ಸೆಲ್ ತಂದದ್ದು. ಮೂರರಿಂದ, ಒಂಬತ್ತರಿಂದ, ಇಪ್ಪತ್ತೇಳರಿಂದ ಹೀಗೆ ಭಾಗಿಸುತ್ತ ಹೋದಾಗ ಸಿಗುವ ಶೇಷಗಳನ್ನೆಲ್ಲ ಒಟ್ಟಿಗೆ ಹಿಡಿದಿಟ್ಟುಕೊಂಡ ಸಂಖ್ಯೆಗಳು ಅಂತಿಟ್ಟುಕೋ. ನಿನ್ನ ನಾಲ್ಕು ಚರಾಕ್ಷರದ ಸಮೀಕರಣ ಅಲ್ಲೂ ಸೊನ್ನೆಯನ್ನು ತಪ್ಪಿಸಿಕೊಳ್ಳುತ್ತದೆ. ಐದನೆಯದು ಬಂದರೆ ಆಗದು. ಮಿತಿ ನಾಲ್ಕು.

— ಒಂದು, ಎರಡು, ನಾಲ್ಕು. ಮುಂದೆ ಎಂಟು ಅನ್ನುತ್ತೀರಾ?

— ನೀನಂತೂ ಊಹಿಸಿದೆ. ಗಣಿತಜ್ಞರೂ ಹಾಗೆಯೇ ಊಹಿಸಿದ್ದರು. ಈಗ ಸಹಗುಣಕಗಳು ಬರೀ ಪಿ-ಆಡಿಕ್ ಸಂಖ್ಯೆಗಳಲ್ಲ, ಅವುಗಳ ಜೊತೆಗೆ ‘ತ’ ಅನ್ನುವ ಒಂದು ಸ್ವತಂತ್ರ ಅಕ್ಷರವೂ ಸೇರಿದ ಬಹುಪದೋಕ್ತಿಗಳು, ಅವುಗಳ ಭಿನ್ನರಾಶಿಗಳು. ಎಂಟು ಚರಾಕ್ಷರದವರೆಗೆ ತಪ್ಪಿಸಿಕೊಳ್ಳುವುದು ಸುಲಭ. ನಿನ್ನ ನಾಲ್ಕರ ರೂಪ ಒಂದನ್ನು ಬರೆ, ಬೇರೆ ನಾಲ್ಕು ಅಕ್ಷರಗಳಲ್ಲಿ ಅದೇ ರೂಪವನ್ನು ಬರೆದು ‘ತ’ದಿಂದ ಗುಣಿಸಿ ಕೂಡು. ಮೊದಲ ಭಾಗದಲ್ಲಿ ‘ತ’ದ ಅತಿ ಸಣ್ಣ ಘಾತ ಯಾವಾಗಲೂ ಸಮಸಂಖ್ಯೆ, ಎರಡನೆಯದರಲ್ಲಿ ಬೆಸ. ಒಂದನ್ನೊಂದು ಹೊಡೆದುಹಾಕಲು ಆಗುವುದಿಲ್ಲ. ಎಂಟಾಯಿತು. ಒಂಬತ್ತನೆಯ ಚರಾಕ್ಷರ ಬಂದಾಗ ಯಾವ ವರ್ಗರೂಪವಾದರೂ ಸೊನ್ನೆಯಾಗಲೇಬೇಕೇ? ಇದೇ ಆ ದೊಡ್ಡ ಪ್ರಶ್ನೆ. 1990ರ ದಶಕದ ನಡುವಿನವರೆಗೂ ಒಂಬತ್ತಿರಲಿ, ಲಕ್ಷ ಚರಾಕ್ಷರ ಕೊಟ್ಟರೂ ಸಾಕು ಅಂತ ಹೇಳುವ ಸ್ಥಿತಿ ಇರಲಿಲ್ಲ. ಮಿತಿ ಅನ್ನುವುದು ಇದೆಯೋ ಇಲ್ಲವೋ, ಅದೇ ತಿಳಿದಿರಲಿಲ್ಲ.

— ಆಮೇಲೆ?

— ರಷ್ಯಾದ ಮೆರ್ಕುರ್ಯೇವ್ ಮಿತಿ ಇದೆ, ಅದು 26ನ್ನು ಮೀರದು ಅಂದರು. ಹಾಫ್‌ಮನ್ ಮತ್ತು ವಾನ್ ಗೀಲ್ ಅದನ್ನು 22ಕ್ಕೆ ಇಳಿಸಿದರು. 1998ರಲ್ಲಿ ಪರಿಮಳಾ ಮತ್ತು ಅವರ ಶಿಷ್ಯ ಸುರೇಶ್ ಸೇರಿ ಹತ್ತಕ್ಕೆ ತಂದರು. 22ರಿಂದ ಒಂದೇ ನೆಗೆತಕ್ಕೆ 10.

— ಇನ್ನು ಎರಡೇ ಉಳಿದದ್ದು.

— ಆ ಎರಡಕ್ಕೆ ಹನ್ನೆರಡು ವರ್ಷ ಹಿಡಿಯಿತು. 2010ರಲ್ಲಿ ‘ಆನಲ್ಸ್ ಆಫ್ ಮ್ಯಾಥಮ್ಯಾಟಿಕ್ಸ್’ ಪತ್ರಿಕೆಯಲ್ಲಿ ಅವರಿಬ್ಬರ ಪ್ರಬಂಧ ಅಚ್ಚಾಯಿತು. 2 ಒಂದನ್ನು ಬಿಟ್ಟು ಉಳಿದ ಎಲ್ಲ ಅವಿಭಾಜ್ಯಗಳಿಗೂ ಮಿತಿ ಎಂಟೇ. ಒಂಬತ್ತನೆಯ ಚರಾಕ್ಷರ ತಪ್ಪಿಸಿಕೊಳ್ಳಲಾರದು. ಆ ಹೊತ್ತಿಗೆ ಪರಿಮಳಾ ಅವರಿಗೆ ಅರವತ್ತು ದಾಟಿತ್ತು. ಗಣಿತ ಎಳೆಯರ ವಿದ್ಯೆ, ಮೂವತ್ತರೊಳಗೆ ಏನಾದರೂ ಮಾಡಬೇಕು, ಇಲ್ಲದಿದ್ದರೆ ಮುಗಿಯಿತು ಅನ್ನುವವರಿಗೆ ನಾನು ಕೊಡುವ ಉತ್ತರ ಇದು. ಹೆಣ್ಣುಮಕ್ಕಳಿಗೆ ಆ ಮಾತಿನಿಂದ ಆಗಿರುವ ಹಾನಿ ಸಣ್ಣದಲ್ಲ. ಮೂವತ್ತರೊಳಗಿನ ವರ್ಷಗಳಲ್ಲೇ ಅಲ್ಲವೇ ಮದುವೆ, ಹೆರಿಗೆ, ಊರು ಬಿಟ್ಟು ಊರಿಗೆ ಹೋಗುವುದು ಎಲ್ಲ ಬರುವುದು?

— ನೀವು ಹೀಗೆ ಹೇಳುವಾಗ ನನಗೆ ಉತ್ಸಾಹ ಬರುತ್ತದೆ ಮೇಡಂ. ಆದರೆ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತು ‘ಒಂಬತ್ತು ಅಂತ ಗೊತ್ತಾದದ್ದರಿಂದ ಏನು ಉಪಯೋಗ ಮಿಸ್?’ ಅಂದರೆ?

— ಮೊಬೈಲಿನಲ್ಲಿ ಬಳಕೆಯಾಗುತ್ತದೆ, ಉಪಗ್ರಹದಲ್ಲಿ ಬಳಕೆಯಾಗುತ್ತದೆ ಅಂತ ಸುಳ್ಳು ಹೇಳಬೇಡ. ಈ ಪ್ರಮೇಯವನ್ನು ಹುಡುಕಿದ್ದು ಉಪಯೋಗಕ್ಕಲ್ಲ. ನೀನು ಈಗ ತಾನೆ ಹಾಳೆಯ ಮೇಲೆ ಮೂರರಿಂದ ಭಾಗಿಸುತ್ತ ಹೋಗಿ ಕಾರಣ ಕಂಡುಕೊಂಡೆಯಲ್ಲ, ಆಗ ನಿನ್ನ ಮುಖ ನೋಡಬೇಕಿತ್ತು. ಆ ಹುಡುಗಿಗೂ ಅದನ್ನೇ ಮಾಡಿಸು. ಮಾಡಿದ ಮೇಲೂ ಅವಳು ಅದೇ ಪ್ರಶ್ನೆ ಕೇಳಿದರೆ ಆಗ ಮಾತಾಡೋಣ.

— ಸರಿ. ಆದರೆ ಇದು 2010ರ ಕಥೆ. ಭಟ್ನಾಗರ್ ಬಂದದ್ದು 1987ರಲ್ಲಿ. ಅದು ಯಾವುದಕ್ಕೆ?

— ಅದರ ಬೀಜ 1976ರ ಒಂದು ಫಲಿತಾಂಶದಲ್ಲಿದೆ. ಅದನ್ನು ಮಕ್ಕಳಿಗೆ ಹೇಳುವುದು ಕಷ್ಟ, ನಿನಗೆ ಹೇಳುತ್ತೇನೆ. 1955ರಲ್ಲಿ ಫ್ರಾನ್ಸಿನ ಸೆರ್ ಒಂದು ಪ್ರಶ್ನೆ ಎತ್ತಿದ್ದರು. ಬಹುಪದೋಕ್ತಿಗಳ ಮೇಲೆ ಕಟ್ಟಿದ ಒಂದು ಬಗೆಯ ರಚನೆಗಳು, ಪ್ರೊಜೆಕ್ಟಿವ್ ಮಾಡ್ಯೂಲ್ ಅನ್ನುತ್ತಾರೆ, ಅವೆಲ್ಲವೂ ಕೊನೆಗೆ ಅತಿ ಸರಳವಾದವೇ ಆಗಿರುತ್ತವೆಯೇ ಅಂತ. ಎರಡು ಚರಾಕ್ಷರಗಳಿಗೆ ಹೌದು ಅಂತ 1958ರಲ್ಲಿ ತೋರಿಸಿದವರು ಇದೇ ಟಾಟಾ ಸಂಸ್ಥೆಯ ಶೇಷಾದ್ರಿ. ಎಷ್ಟು ಚರಾಕ್ಷರವಿದ್ದರೂ ಹೌದು ಅಂತ 1976ರಲ್ಲಿ ಅಮೆರಿಕದ ಕ್ವಿಲ್ಲೆನ್, ರಷ್ಯಾದ ಸುಸ್ಲಿನ್ ಬೇರೆ ಬೇರೆಯಾಗಿ ಸಾಧಿಸಿದರು. ಹಾಗಾದರೆ ಈ ರಚನೆಗಳ ಮೇಲೆ ಒಂದು ವರ್ಗರೂಪವನ್ನೂ ಕೂರಿಸಿದರೆ? ಆಗಲೂ ಎಲ್ಲವೂ ಸರಳವೇ?

— ವರ್ಗರೂಪ ಕೂರಿಸುವುದು ಅಂದರೆ?

— ಸಮತಲದ ಪ್ರತಿ ಬಿಂದುವಿನಲ್ಲೂ ಒಂದೊಂದು ವರ್ಗರೂಪ ಇದೆ ಅಂದುಕೋ. ಬಿಂದು ಸರಿದಂತೆ ಸಹಗುಣಕ ಬದಲಾಗುತ್ತದೆ, ಆದರೆ ಬಹುಪದೋಕ್ತಿಯ ನಿಯಮದಂತೆ ಬದಲಾಗುತ್ತದೆ. ಅಕ್ಷಗಳನ್ನು ಜಾಣತನದಿಂದ ಮರುಜೋಡಿಸಿ ಎಲ್ಲ ಬಿಂದುಗಳಲ್ಲೂ ಒಂದೇ ರೂಪ ಬರುವ ಹಾಗೆ ಮಾಡಬಹುದೇ? ಸಮತಲದ ಬದಲು ಒಂದು ಸರಳರೇಖೆ ಇದ್ದರೆ ಮಾಡಬಹುದು, ಅದು ಹಾರ್ಡರ್ ಅವರ ಪ್ರಮೇಯ. ಸಮತಲದಲ್ಲೂ ಆಗುತ್ತದೆ ಅಂತ ಅನ್ನಿಸುವುದು ಸಹಜ. ಆಗುವುದಿಲ್ಲ ಅಂತ ತೋರಿಸಿದವರು ಪರಿಮಳಾ. ನಾಲ್ಕು ಚರಾಕ್ಷರದ ವರ್ಗರೂಪ. ಯಾವುದೇ ಒಂದು ಬಿಂದುವಿನಲ್ಲಿ ನಿಂತು ನೋಡಿದರೆ ಅದು ನಾಲ್ಕು ವರ್ಗಗಳ ಮೊತ್ತ, ಇನ್ನೇನೂ ಅಲ್ಲ. ಇಡೀ ಸಮತಲವನ್ನು ಒಟ್ಟಿಗೆ ಹಿಡಿದರೆ ಮಾತ್ರ ಯಾವ ಮರುಜೋಡಣೆಯಿಂದಲೂ ಅದು ನಾಲ್ಕು ವರ್ಗಗಳ ಮೊತ್ತವಾಗದು. ಇಂಥದ್ದು ಒಂದಲ್ಲ, ಕೊನೆಯಿಲ್ಲದಷ್ಟಿವೆ. ವಿಷಯ ಬಲ್ಲವರಿಗೇ ಇದು ಅಚ್ಚರಿ ತಂದಿತು.

— ಆ ಉದಾಹರಣೆ ಅವರಿಗೆ ಸಿಕ್ಕಿದ್ದು ಹೇಗೆ?

— ಐರ್ಲೆಂಡಿನ ಹ್ಯಾಮಿಲ್ಟನ್ 1843ರಲ್ಲಿ ಕಂಡುಹಿಡಿದ ಕ್ವಾಟರ್ನಿಯನ್‌ಗಳು ಗೊತ್ತಲ್ಲ? ಗುಣಿಸುವ ಕ್ರಮ ಬದಲಿಸಿದರೆ ಉತ್ತರವೂ ಬದಲಾಗುವ ಸಂಖ್ಯೆಗಳು. ಒಂದು ಕ್ವಾಟರ್ನಿಯನ್‌ನ ಅಳತೆ ಅಂದರೆ ನಾಲ್ಕು ವರ್ಗಗಳ ಮೊತ್ತವೇ. ಪರಿಮಳಾ ಅವರ ಗೈಡ್ ಆರ್. ಶ್ರೀಧರನ್. ಅವರು ಓಜಾಂಗುರೆನ್ ಜೊತೆ ಸೇರಿ 1971ರಲ್ಲಿ ಒಂದು ವಿಷಯ ತೋರಿಸಿದ್ದರು. ಸಹಗುಣಕಗಳಾಗಿ ಕ್ವಾಟರ್ನಿಯನ್‌ಗಳನ್ನು ಇಟ್ಟು ಎರಡು ಚರಾಕ್ಷರದ ಬಹುಪದೋಕ್ತಿಗಳನ್ನು ಕಟ್ಟಿದರೆ ಸೆರ್ ಕೇಳಿದ ಸರಳತೆ ಅಲ್ಲಿ ಉಳಿಯುವುದಿಲ್ಲ ಅಂತ. ಆ ಸರಳವಲ್ಲದ ರಚನೆಗಳಿಂದ ವರ್ಗರೂಪಗಳನ್ನು ಹೊರತೆಗೆಯಬಹುದು ಅನ್ನುವುದು ಶಿಷ್ಯೆಯ ನೋಟ. ಗುರುವಿನ ಕೆಲಸ ಎಲ್ಲಿ ನಿಂತಿತ್ತೋ ಅಲ್ಲಿಂದ ಶಿಷ್ಯೆ ಮುಂದಕ್ಕೆ ಹೆಜ್ಜೆ ಇಟ್ಟದ್ದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಇದನ್ನು ನಿನ್ನ ಭಾಷಣದಲ್ಲಿ ಹೇಳಲೇಬೇಕು. ಗಣಿತಜ್ಞರು ಆಕಾಶದಿಂದ ಉದುರಿದವರು ಅನ್ನುವ ಭಾವನೆ ರಾಮಾನುಜನ್ ಕಥೆಯಿಂದ ನಮ್ಮ ಮಕ್ಕಳಲ್ಲಿ ಬೇರೂರಿದೆ. ಬಹುಪಾಲು ಗಣಿತ ಹಾಗೆ ಬರುವುದಿಲ್ಲ. ಒಳ್ಳೆಯ ಗುರು, ಒಳ್ಳೆಯ ಗ್ರಂಥಾಲಯ, ಪಕ್ಕದ ಕೋಣೆಯಲ್ಲಿ ಅದೇ ವಿಷಯ ಯೋಚಿಸುತ್ತಿರುವ ಇನ್ನೊಬ್ಬರು, ಇವುಗಳ ನಡುವೆ ಬರುತ್ತದೆ. ಕೊಲಾಬಾದ ಟಾಟಾ ಸಂಸ್ಥೆಯಲ್ಲಿ ಇವೆಲ್ಲ ಇದ್ದವು.

— ಆದರೆ ಮೇಡಂ, ನನ್ನ ತರಗತಿಯ ಹೆಣ್ಣುಮಕ್ಕಳಿಗೆ ತಿಳಿಯಬೇಕಾದದ್ದು ಬೇರೆಯೂ ಇದೆ. ಒಬ್ಬ ಹೆಣ್ಣು ಇದನ್ನೆಲ್ಲ ಮಾಡಿದಳು ಅನ್ನುವುದು. ನೀವು ಅದನ್ನು ಬದಿಗಿಟ್ಟು ಬರೀ ಗಣಿತ ಹೇಳು ಅನ್ನುತ್ತಿದ್ದೀರಿ.

— ‘ಮೊದಲ ಮಹಿಳೆ’ ಅನ್ನುವ ಬಿರುದಿನ ಹಿಂದೆ ಕೆಲಸ ಮರೆಯಾಗಬಾರದು ಅಂದೆ, ಅಷ್ಟೇ.

— ನಾನು ಬಿರುದಿಗಾಗಿ ಹೇಳುತ್ತಿಲ್ಲ, ಲೆಕ್ಕಕ್ಕಾಗಿ ಹೇಳುತ್ತಿದ್ದೇನೆ. 1987ರಲ್ಲಿ ಪರಿಮಳಾ. ಗಣಿತದ ಭಟ್ನಾಗರ್ ಎರಡನೆಯ ಸಲ ಮಹಿಳೆಗೆ ಬಂದದ್ದು 2004ರಲ್ಲಿ, ಸುಜಾತಾ ರಾಮದೊರೈ ಅವರಿಗೆ. ಮೂರನೆಯ ಸಲ 2019ರಲ್ಲಿ, ಕೋಲ್ಕತ್ತದ ನೀನಾ ಗುಪ್ತಾ ಅವರಿಗೆ. ಹದಿನೇಳು ವರ್ಷ, ಆಮೇಲೆ ಹದಿನೈದು ವರ್ಷ. ಮೊದಲನೆಯವರು, ಎರಡನೆಯವರು ಅಂತ ಎಣಿಸುವುದನ್ನು ಬಿಟ್ಟರೆ ಈ ಅಂತರ ಯಾರ ಕಣ್ಣಿಗೂ ಬೀಳುವುದಿಲ್ಲ.

— ಈ ಮಾತು ಒಪ್ಪಿದೆ. ಎಣಿಸು, ಅವಶ್ಯ ಎಣಿಸು. ಎಣಿಸುವಾಗ ಇನ್ನೊಂದನ್ನೂ ಗಮನಿಸು. ಮೂವರೂ ಬೀಜಗಣಿತದ ಮನೆಯವರೇ. ನೀನಾ ಗುಪ್ತಾ ಬಿಡಿಸಿದ್ದು ಜಾರಿಸ್ಕಿಯ ಕ್ಯಾನ್ಸಲೇಷನ್ ಪ್ರಶ್ನೆ, ಅದೂ ಬಹುಪದೋಕ್ತಿಗಳ ಬೀಜಗಣಿತ. ಸುಜಾತಾ ಅವರ ವಿಷಯ ನಿನಗೆ ಗೊತ್ತಿದೆಯೇ?

— ಇಲ್ಲ.

— ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿ 1982ರಲ್ಲಿ ಬಿ.ಎಸ್ಸಿ. ಮುಗಿಸಿದವರು. ಎಂ.ಎಸ್ಸಿ. ಮಾಡಿದ್ದು ಅಣ್ಣಾಮಲೈ ವಿಶ್ವವಿದ್ಯಾಲಯದಿಂದ, ಅಂಚೆ ತೆರಪಿನ ಶಿಕ್ಷಣದಲ್ಲಿ, 1985ರಲ್ಲಿ. ಕರೆಸ್ಪಾಂಡೆನ್ಸ್ ಎಂ.ಎಸ್ಸಿ. ಅಂದರೆ ಇವತ್ತಿಗೂ ಮೂಗು ಮುರಿಯುವವರಿದ್ದಾರೆ. ಆ ಪದವಿ ಹಿಡಿದು ಟಾಟಾ ಸಂಸ್ಥೆಗೆ ಬಂದರು. ಅಲ್ಲಿ ಅವರ ಗೈಡ್ ಯಾರು ಗೊತ್ತೇ? ಪರಿಮಳಾ. 1992ರಲ್ಲಿ ಪಿಎಚ್.ಡಿ. ಆಯಿತು, ವಾಸ್ತವ ಸಂಖ್ಯೆಗಳ ಮೇಲಿನ ಮೇಲ್ಮೈಗಳ ವರ್ಗರೂಪಗಳ ಬಗ್ಗೆ. ಆಮೇಲೆ ಸಂಖ್ಯಾಸಿದ್ಧಾಂತದ ಭಾಗವಾದ ಇವಾಸಾವಾ ಸಿದ್ಧಾಂತಕ್ಕೆ ಹೊರಳಿದರು. 2006ರಲ್ಲಿ ಇಟಲಿಯ ಟ್ರಿಯೆಸ್ಟ್‌ನ ಕೇಂದ್ರ ಕೊಡುವ ರಾಮಾನುಜನ್ ಪ್ರಶಸ್ತಿ ಬಂತು. ಅದನ್ನು ಪಡೆದ ಮೊದಲ ಭಾರತೀಯರು.

— ಅಂಚೆ ಶಿಕ್ಷಣದ ಎಂ.ಎಸ್ಸಿ.ಯಿಂದ! ಇದನ್ನು ಮೊದಲು ಹೇಳಬೇಕಿತ್ತು ಮೇಡಂ. ನನ್ನ ಹಳೆಯ ವಿದ್ಯಾರ್ಥಿನಿಯರಲ್ಲಿ ನಾಲ್ಕಾರು ಜನ ಮುಕ್ತ ವಿಶ್ವವಿದ್ಯಾಲಯಕ್ಕೆ ಕಟ್ಟಿ, ಮನೆಯಲ್ಲೇ ಕೂತು ಓದುತ್ತಿದ್ದಾರೆ. ಅವರಿಗೆ ಪರಿಮಳಾ ಅವರಿಗಿಂತ ಸುಜಾತಾ ಅವರ ದಾರಿಯೇ ಹತ್ತಿರ.

— ಎರಡನ್ನೂ ಸೇರಿಸಿ ಹೇಳು. ಪರಿಮಳಾ ಅವರ ಸಾಧನೆಯಲ್ಲಿ ಸುಜಾತಾ, ಸುರೇಶ್ ಅವರಂಥ ಶಿಷ್ಯರೂ ಸೇರಿದ್ದಾರೆ. ಪ್ರಮೇಯ ಎಷ್ಟು, ಶಿಷ್ಯರು ಎಷ್ಟು ಅಂತ ತೂಗಲು ನಾನು ಹೋಗುವುದಿಲ್ಲ. ಮೂವತ್ತು ವರ್ಷ ಪಿಯು ಕಾಲೇಜಿನಲ್ಲಿ ಪಾಠ ಮಾಡಿದ ನನಗೆ ಶಿಷ್ಯರೇ ದೊಡ್ಡವರಾಗಿ ಕಾಣುತ್ತಾರೆ.

— ಎಮ್ಮಿ ನೋಥರ್ ಹೆಸರಿನ ಉಪನ್ಯಾಸವನ್ನು ಪರಿಮಳಾ ಅವರು 2013ರಲ್ಲಿ ಕೊಟ್ಟರು ಅಂತಲೂ ಬರೆದುಕೊಂಡಿದ್ದೆ. ಅದನ್ನು ಇಟ್ಟುಕೊಳ್ಳಲೇ, ಬಿಡಲೇ?

— ಇಟ್ಟುಕೋ, ಆದರೆ ನೋಥರ್ ಯಾರು ಅಂತ ಹೇಳು. ಜರ್ಮನಿಯಲ್ಲಿ 1882ರಲ್ಲಿ ಹುಟ್ಟಿದವರು. 1907ರಲ್ಲಿ ಡಾಕ್ಟರೇಟ್ ಬಂದ ಮೇಲೂ ಎರ್ಲಾಂಗೆನ್‌ನಲ್ಲಿ ವರ್ಷಗಟ್ಟಲೆ ಸಂಬಳವಿಲ್ಲದೆ ದುಡಿದರು. ಗಣಿತಜ್ಞರಾದ ಹಿಲ್ಬರ್ಟ್ ಮತ್ತು ಕ್ಲೈನ್ 1915ರಲ್ಲಿ ಗೊಟ್ಟಿಂಗೆನ್‌ಗೆ ಕರೆಸಿಕೊಂಡರು. ಹೆಣ್ಣು ಅನ್ನುವ ಕಾರಣಕ್ಕೆ ವಿಶ್ವವಿದ್ಯಾಲಯ ಅಧ್ಯಾಪನದ ಹಕ್ಕು ಕೊಡಲಿಲ್ಲ. ಹಿಲ್ಬರ್ಟ್ ಹೆಸರಿನಲ್ಲಿ ಪ್ರಕಟಿಸಿದ ತರಗತಿಗಳನ್ನು ನೋಥರ್ ತೆಗೆದುಕೊಳ್ಳುತ್ತಿದ್ದರು. ಹಕ್ಕು ಸಿಕ್ಕಿದ್ದು 1919ರಲ್ಲಿ. 1933ರಲ್ಲಿ ಯಹೂದಿ ಅನ್ನುವ ಕಾರಣಕ್ಕೆ ಅದನ್ನೂ ಕಿತ್ತುಕೊಂಡರು. ಅಮೆರಿಕದ ಬ್ರಿನ್ ಮಾರ್ ಕಾಲೇಜಿಗೆ ಹೋದರು, 1935ರಲ್ಲಿ ಐವತ್ತಮೂರನೆಯ ವಯಸ್ಸಿಗೆ ತೀರಿಕೊಂಡರು. ಇವತ್ತು ಎಂ.ಎಸ್ಸಿ.ಯಲ್ಲಿ ರಿಂಗ್, ಐಡಿಯಲ್ ಅಂತ ನಾವು ಓದುವ ಬೀಜಗಣಿತಕ್ಕೆ ಈಗಿನ ಆಕಾರ ಬಂದದ್ದು ಆಕೆಯ ಕೈಯಲ್ಲಿ. ಕ್ವಾಟರ್ನಿಯನ್‌ನಂಥ ರಚನೆಗಳ ಬಗ್ಗೆ ಬ್ರೌವರ್, ಹಾಸೆ, ನೋಥರ್ ಮೂವರೂ ಸೇರಿ 1932ರಲ್ಲಿ ಪ್ರಕಟಿಸಿದ ಪ್ರಮೇಯ ಪರಿಮಳಾ ಅವರ ಕ್ಷೇತ್ರದ ಅಡಿಪಾಯಗಳಲ್ಲಿ ಒಂದು. ಹಾಗಾಗಿ ಆ ಉಪನ್ಯಾಸ ಬರೀ ಗೌರವವಲ್ಲ, ಆ ಹೆಸರಿಗೂ ಈ ಕೆಲಸಕ್ಕೂ ನೇರ ಸಂಬಂಧ ಇದೆ.

— ಇಬ್ಬರ ನಡುವೆ ಎಷ್ಟು ವ್ಯತ್ಯಾಸ! ಒಬ್ಬರಿಗೆ ತಮ್ಮ ಹೆಸರಿನಲ್ಲಿ ಪಾಠ ಮಾಡುವ ಹಕ್ಕೂ ಇರಲಿಲ್ಲ. ಇನ್ನೊಬ್ಬರು ಹೈದರಾಬಾದಿನಲ್ಲಿ ಲೋಕದ ಗಣಿತಜ್ಞರ ಮುಂದೆ ನಿಂತರು.

— ಬುದ್ಧಿಯಲ್ಲಿ ಯಾರು ಹೆಚ್ಚು, ಯಾರು ಕಡಿಮೆ ಅನ್ನುವುದು ಇಲ್ಲಿ ಬರುವುದೇ ಇಲ್ಲ. ಒಬ್ಬರಿಗೆ ಸಂಸ್ಥೆಗಳು ಬಾಗಿಲು ಹಾಕಿದವು, ಇನ್ನೊಬ್ಬರಿಗೆ ಒಂದು ಸಂಸ್ಥೆ ಬಾಗಿಲು ತೆರೆಯಿತು. ಹೆಣ್ಣುಮಕ್ಕಳಿಗೆ ಗಣಿತ ಬರುತ್ತದೆಯೇ ಅಂತ ಇನ್ನೂ ಕೇಳುವವರು ಮೊದಲು ಬಾಗಿಲುಗಳ ಕಡೆ ನೋಡಲಿ. ಇದನ್ನು ನಾನು ಕೋಪದಿಂದಲೇ ಹೇಳುತ್ತೇನೆ. ನನ್ನ ತರಗತಿಯಲ್ಲಿ ಮೊದಲ ಸ್ಥಾನದಲ್ಲಿದ್ದ ಎಷ್ಟು ಹುಡುಗಿಯರನ್ನು ಬಿ.ಎಡ್. ಮಾಡಿಸಿ, ಹತ್ತಿರದ ಶಾಲೆಯಲ್ಲಿ ಕೆಲಸ ಸಿಕ್ಕರೆ ಸಾಕು ಅಂತ ಮನೆಯವರು ನಿಲ್ಲಿಸಿಲ್ಲ?

— ನಾನೂ ಬಿ.ಎಡ್. ಮಾಡಿದವಳೇ ಮೇಡಂ. ನನಗೆ ಪಾಠ ಮಾಡುವುದು ಇಷ್ಟ.

— ನಿನ್ನಂಥವರು ಇಷ್ಟಪಟ್ಟು ಬಂದರೆ ಶಾಲೆಗಳ ಪುಣ್ಯ. ಬೇರೆ ದಾರಿ ಇದೆ ಅಂತ ಗೊತ್ತಿಲ್ಲದೆ ಬಂದವರ ಮಾತು ನಾನು ಆಡಿದ್ದು.

— 2020ರಲ್ಲಿ ಕೇಂದ್ರ ಸರ್ಕಾರ ಹನ್ನೊಂದು ಭಾರತೀಯ ವಿಜ್ಞಾನಿಗಳ ಹೆಸರಿನಲ್ಲಿ ಪೀಠಗಳನ್ನು ಘೋಷಿಸಿತಲ್ಲ, ಎಲ್ಲರೂ ಮಹಿಳೆಯರು. ಅದರಲ್ಲಿ ಗಣಿತಕ್ಕೆ ಪರಿಮಳಾ ಅವರ ಹೆಸರಿದೆ. ಅದೇ ಪಟ್ಟಿಯಲ್ಲಿ ನಮ್ಮ ರಾಜೇಶ್ವರಿ ಚಟರ್ಜಿ ಅವರ ಹೆಸರೂ ಇದೆ.

— ಹೌದು, ನಂಜನಗೂಡಿನವರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ ಆಮೇಲೆ ಮೈಕ್ರೋವೇವ್ ಎಂಜಿನಿಯರಿಂಗ್‌ಗೆ ಹೋಗಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಮಾಡಿದವರು. ಅವರ ಕಥೆ ಮುಂದಿನ ವರ್ಷಕ್ಕಿರಲಿ. ಒಂದು ಭಾಷಣಕ್ಕೆ ಒಬ್ಬರು ಸಾಕು.

— ಪರಿಮಳಾ ಅವರು ಎವಾ ಬೇಯರ್-ಫ್ಲೂಕಿಗರ್ ಅನ್ನುವ ಗಣಿತಜ್ಞೆಯ ಜೊತೆ ಮಾಡಿದ ಕೆಲಸ ಅಂತ ಒಂದು ಕಡೆ ನೋಡಿದೆ. ಅದು ಬೇಕೇ?

— ಒಂದು ವಾಕ್ಯ ಸಾಕು. ಸೆರ್ ಅವರದೇ ಇನ್ನೊಂದು ಊಹೆ, 1962ರದು, ಸಮ್ಮಿತಿಗಳ ಗುಂಪುಗಳಿಗೆ ಸಂಬಂಧಿಸಿದ್ದು. ಅದರ ಕ್ಲಾಸಿಕಲ್ ಗುಂಪುಗಳ ಭಾಗವನ್ನು ಇವರಿಬ್ಬರೂ 1995ರಲ್ಲಿ ಸಾಧಿಸಿದರು. ಇಬ್ಬರೂ ಹೆಣ್ಣುಮಕ್ಕಳು ಅಂತ ನೀನು ಸೇರಿಸುತ್ತೀಯ, ಸೇರಿಸು. ಹೆಚ್ಚು ವಿವರಿಸಲು ಹೋದರೆ ಮಕ್ಕಳು ಆಕಳಿಸುತ್ತಾರೆ. ಸಮಯವೆಲ್ಲ ಕಪ್ಪುಹಲಗೆಗೆ ಇಟ್ಟುಕೋ.

— ಹಾಗಾದರೆ ಹೀಗೆ ಮಾಡುತ್ತೇನೆ. ಮೊದಲು ಹಲಗೆಯ ಮೇಲೆ ನಾಲ್ಕು ಚರಾಕ್ಷರದ ಸಮೀಕರಣ ಬರೆದು ಐದು ನಿಮಿಷ ಬಿಡುತ್ತೇನೆ. ಮೂರರಿಂದ ಭಾಗಿಸುವುದನ್ನು ಒಬ್ಬಳ ಕೈಯಲ್ಲಿ ಮಾಡಿಸುತ್ತೇನೆ. ಆಮೇಲೆ ಎರಡು, ನಾಲ್ಕು, ಎಂಟು. 26, 22, 10, 8ರ ಕಥೆ. ಆಗ ಪರಿಮಳಾ ಅವರ ಹೆಸರು, ಫೋಟೊ. ಕೊನೆಗೆ ಸುಜಾತಾ ಅವರ ಅಂಚೆ ಶಿಕ್ಷಣದ ಎಂ.ಎಸ್ಸಿ. ಪ್ರಶಸ್ತಿಗಳ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕುತ್ತೇನೆ, ಓದುವುದಿಲ್ಲ.

— ಇದು ಭಾಷಣ. ಇನ್ನೊಂದು ಹಾಳೆಯನ್ನೂ ಆ ಬೋರ್ಡಿಗೆ ಹಾಕು. ಪಿಯುಸಿ ಮುಗಿಸುವವರಿಗೆ, ಬೆಂಗಳೂರಿನ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿ ಬಿ.ಮ್ಯಾಥ್. ಅನ್ನುವ ಪದವಿ ಇದೆ, ಅದಕ್ಕೆ ಪ್ರವೇಶ ಪರೀಕ್ಷೆ ಇದೆ. ಬಿ.ಎಸ್ಸಿ. ಓದುತ್ತಿರುವವರಿಗೆ ಎಂಟಿಟಿಎಸ್ ಅನ್ನುವ ಬೇಸಿಗೆ ಶಿಬಿರ ಇದೆ, 1993ರಿಂದ ನಡೆಯುತ್ತಿದೆ. ಅಲ್ಲಿ ಬಾಯಿಪಾಠ ನಡೆಯುವುದಿಲ್ಲ, ಪ್ರಶ್ನೆ ಕೇಳಿಸಿ ಕಲಿಸುತ್ತಾರೆ. ಮುಂದೆ ಓದುವವರಿಗೆ ರಾಷ್ಟ್ರೀಯ ಉನ್ನತ ಗಣಿತ ಮಂಡಳಿಯ ವಿದ್ಯಾರ್ಥಿವೇತನ ಇದೆ, ಟಾಟಾ ಸಂಸ್ಥೆಯ ಪ್ರವೇಶ ಪರೀಕ್ಷೆ ಇದೆ. ಆ ಪರೀಕ್ಷೆ ಬರೆಯಲು ಮುಂಬಯಿಗೆ ಹೋಗಬೇಕಾಗಿಲ್ಲ, ಬೆಂಗಳೂರಿನಲ್ಲೂ ಕೇಂದ್ರ ಇರುತ್ತದೆ.

— ನಮ್ಮೂರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯರಿದ್ದಾರೆ. ಅಲ್ಲಿಗೂ ಒಂದು ಪ್ರತಿ ಕೊಟ್ಟುಬರುತ್ತೇನೆ.

— ಕೊಟ್ಟು ಸುಮ್ಮನೆ ಬರಬೇಡ. ಲೆಕ್ಕದಲ್ಲಿ ಚುರುಕಾಗಿರುವ ಹುಡುಗಿ ಯಾರು ಅಂತ ಅವರ ಲೆಕ್ಚರರನ್ನು ಕೇಳು. ಅವಳ ಮನೆಗೆ ಹೋಗು, ಅಪ್ಪ ಅಮ್ಮನ ಎದುರು ಕೂತು ಈ ಪರೀಕ್ಷೆಗಳ ಹೆಸರು ಹೇಳು, ಅರ್ಜಿ ತುಂಬುವಾಗ ಪಕ್ಕದಲ್ಲಿರು.